ಯಾರ ಮನೆಯ ಹೆಪ್ಪು

ಕಂಪನಿಯ ಅಪಾಯ ಪರಿಶೀಲನಾ ಪಟ್ಟಿಯಲ್ಲಿ ನೂರ ಹದಿನಾಲ್ಕು ಪ್ರಶ್ನೆಗಳಿದ್ದವು. ಮಗು ನಮ್ಮ ಮೊಸರಿನ ಕಪ್ಪಿನ ಮುಚ್ಚಳ ನುಂಗಿದರೆ ಏನು ಮಾಡಬೇಕು? ಕಪ್ಪನ್ನು ಮೂರು ಗಂಟೆ ಬಿಸಿಲಲ್ಲಿ ಇಟ್ಟರೆ? ಮನೆಯ ನಾಯಿ ತಿಂದರೆ? ನಾಯಿಯ ಪ್ರಶ್ನೆಗೇ ಎರಡು ಪುಟ ಉತ್ತರವಿತ್ತು. ಅಷ್ಟೂ ಉತ್ತರಗಳ ಕೆಳಗೆ ನನ್ನ ಸಹಿ ಇದೆ: ಡಾ. ಇಂದುಮತಿ ಬಳಿಗಾರ, ಮುಖ್ಯಸ್ಥೆ, ಜೀವಾಣು ಸಂಗ್ರಹ ವಿಭಾಗ, ಧಾರವಾಡ. ಒಬ್ಬ ತಾಯಿ ಆ ಮೊಸರಿನ ಒಂದು ಚಮಚವನ್ನು ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿದರೆ ಏನಾಗುತ್ತದೆ ಎಂಬ ಪ್ರಶ್ನೆ ಮಾತ್ರ ಪಟ್ಟಿಯಲ್ಲಿರಲಿಲ್ಲ. ಪಟ್ಟಿ ಬರೆದವರು ಹೊರದೇಶದವರು, ಅವರ ಪಾಲಿಗೆ ಮೊಸರು ಹುಟ್ಟುವುದು ಅಂಗಡಿಯಲ್ಲಿ. ನಾನೋ, ಸಹಿ ಹಾಕಿದ ದಿನ ಬೆಳಿಗ್ಗೆ ನನ್ನ ಅಡುಗೆಮನೆಯಲ್ಲಿ ಗಡಿಗೆ ತುಂಬ ಗಟ್ಟಿ ಮೊಸರು ಬಿಟ್ಟು ಬಂದವಳು. ಬಿಳಿ ಕೋಟು ಹಾಕಿಕೊಂಡ ಕೂಡಲೇ ಅಡುಗೆಮನೆ ಮರೆತುಹೋಗುವ ರೋಗ ನನಗೆ ಮೊದಲಿಂದಲೂ ಇತ್ತು.

ಎಲ್ಲ ಶುರುವಾದದ್ದು ಒಂದು ಸಣ್ಣ ಆಸೆಯಿಂದ. ಮಗು ಹಠ ಮಾಡದೆ ಊಟ ಮಾಡುವಂತಾದರೆ? ಹೀಗೆ ಕೇಳಿದವನು ನಮ್ಮ ಮಾರಾಟ ವಿಭಾಗದ ಮುಖ್ಯಸ್ಥ ರೋಹಿತ್ ಪಾಟಣಕರ. ಬೆಳಗಾವಿಯವನು, ನಲವತ್ತು ದಾಟಿದ್ದರೂ ಕಾಲೇಜು ಹುಡುಗನ ಉತ್ಸಾಹ. ಐದು ಸಾವಿರ ತಾಯಂದಿರನ್ನು ಮಾತಾಡಿಸಿ ಒಂದು ಸಂಗತಿ ಪತ್ತೆ ಹಚ್ಚಿದ್ದ. ಒಂದು ಮಗುವಿಗೆ ಒಂದು ಹೊತ್ತು ಉಣಿಸಲು ಸರಾಸರಿ ಐವತ್ತೆರಡು ನಿಮಿಷ ಹಿಡಿಯುತ್ತದಂತೆ.

"ನಮ್ಮ ಗಿರಾಕಿ ಮಗು ಅಲ್ಲ ಡಾಕ್ಟ್ರ," ಎಂದ. "ದಣಿದ ತಾಯಿ. ಆ ಐವತ್ತೆರಡು ನಿಮಿಷ ಆಕೀಗೆ ವಾಪಸ್ ಕೊಟ್ಟುಬಿಡ್ರಿ, ಆಕಿ ನಮ್ಮನ್ನ ಬಿಟ್ಟು ಎಲ್ಲಿಗೂ ಹೋಗೂದಿಲ್ಲ."

ನಾನು ಕೊಟ್ಟದ್ದು ಎನ್-೪೭ ಎಂಬ ಜೀವಾಣು. ಮಾಮೂಲಿ ಮೊಸರಿನ ಜೀವಾಣುವೇ, ಆದರೆ ನಾವು ಅದರಲ್ಲಿ ಎರಡು ತಿದ್ದುಪಡಿ ಮಾಡಿದ್ದೆವು. ಮೊದಲನೆಯದರಿಂದ ಅದು ಮಗುವಿನ ಕರುಳಲ್ಲಿ ಕೂತು ಒಂದು ರಾಸಾಯನಿಕವನ್ನು ಜಿನುಗಿಸುತ್ತಿತ್ತು. ಕರುಳಿನಿಂದ ಮಿದುಳಿಗೆ ಹೋಗುವ ನರ ಅದನ್ನು 'ಎಲ್ಲ ಸರಿಯಾಗಿದೆ, ಹೊಟ್ಟೆ ತಣ್ಣಗಿದೆ' ಎಂದು ಓದಿಕೊಳ್ಳುತ್ತಿತ್ತು. ಸ್ವಲ್ಪವೇ ಜಿನುಗಿದರೆ ಮಗು ಅರ್ಧ ಗಂಟೆ ರಚ್ಚೆ ಹಿಡಿಯದೆ ಕೂತು ಇಟ್ಟ ತುತ್ತಿಗೆ ಬಾಯಿ ತೆರೆಯುತ್ತಿತ್ತು. ಹೆಚ್ಚಾದರೆ ಊಟವೇ ಬೇಡವೆನಿಸುತ್ತಿತ್ತು. ಅದಕ್ಕಾಗಿಯೇ ಎರಡನೆಯ ತಿದ್ದುಪಡಿ, ಅಂದರೆ ಬೀಗ. ಕಪ್ಪಿನಲ್ಲಿ ನಾವು ಬೆರೆಸುವ ಒಂದು ವಿಶೇಷ ಸಕ್ಕರೆ ಸಿಕ್ಕರಷ್ಟೇ ಎನ್-೪೭ ಬದುಕಬೇಕು, ಆ ಸಕ್ಕರೆ ಬೇರೆ ಯಾವ ಆಹಾರದಲ್ಲೂ ಇಲ್ಲ. ಒಂದು ದಿನ ಕಪ್ಪು ತಪ್ಪಿದರೆ ಜೀವಾಣುಗಳೆಲ್ಲ ಸತ್ತು ಹೊರಗೆ. ಸರ್ಕಾರದ ತಜ್ಞರು ಇದನ್ನು ಸುರಕ್ಷತೆ ಎಂದರು. ಪಾಟಣಕರ ಇದನ್ನು 'ದಿನಾ ಒಂದು ಕಪ್' ಎಂದ. ಇಬ್ಬರಿಗೂ ಖುಷಿಯಾಗುವಂಥ ಬೀಗ ಮಾಡಿದ್ದಕ್ಕೆ ನನಗೆ ಬಡ್ತಿ ಸಿಕ್ಕಿತು.

ಮೊಸರಿನ ಹೆಸರು ಚಂಪು. ಮುಚ್ಚಳದ ಮೇಲೆ ಕಪ್ಪು ಕನ್ನಡಕ ಹಾಕಿದ ಒಂದು ಕರು. ಅದಕ್ಕೆ ಫೋನಿನ ಕ್ಯಾಮೆರಾ ಹಿಡಿದರೆ ಪರದೆಯಲ್ಲಿ ಆ ಕರು ಎದ್ದು ನಿಂತು, ಮಗುವಿನ ಹೆಸರು ಹಿಡಿದು ಕರೆಯುತ್ತಿತ್ತು. ಪೋಷಣೆಯ ಮಾತಿಗೆ ಬಂದರೆ, ಆ ಅಂಗೈಯಷ್ಟು ಕಪ್ಪಿನಲ್ಲಿ ಎರಡೂವರೆ ಚಮಚ ಸಕ್ಕರೆ, ಸ್ಟ್ರಾಬೆರಿ ಹೆಸರಿನಲ್ಲಿ ಬೀಟ್‌ರೂಟಿನ ಬಣ್ಣ, ಗಟ್ಟಿಯಾಗಲು ಪಿಷ್ಟ. ಅರ್ಧ ಲೋಟ ಹಾಲಿನಲ್ಲಿರುವ ಸತ್ವವೂ ಅದರಲ್ಲಿರಲಿಲ್ಲ. ಹೊರಗಿನಿಂದ ಬೆರೆಸಿದ ಸುಣ್ಣದ ಅಂಶವನ್ನು ಹಿಡಿದುಕೊಂಡು 'ಒಂದು ಲೋಟ ಹಾಲಿನ ಶಕ್ತಿ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು. ಸಕ್ಕರೆಯ ವಿಷಯ ಓದಲು ನನಗೆ ಕನ್ನಡಕದ ಜೊತೆ ಭೂತಗನ್ನಡಿಯೂ ಬೇಕಾಯಿತು. ಹೋಗಲಿ ಬಿಡು, ಇದರಿಂದಾಗಿ ಮಗು ಮನೆಯ ಊಟ ಸರಿಯಾಗಿ ಮಾಡುತ್ತದಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೊದಲ ವರ್ಷ ಅಂಗನವಾಡಿಗಳಿಗೆ ಪುಕ್ಕಟೆ ಹಂಚಿದೆವು. ಜೊತೆಗೆ ಒಂದೊಂದು ತೂಕದ ಚಾಪೆ. ಮಗು ಅದರ ಮೇಲೆ ನಿಂತರೆ ತೂಕ ಹೇಳುತ್ತದೆ, ಮುಂದಿನ ಕ್ಯಾಮೆರಾ ಮುಖ ನೋಡಿ ಮಗು ಎಷ್ಟು ಸಂತೋಷವಾಗಿದೆ ಎಂದೂ ಲೆಕ್ಕ ಹಾಕುತ್ತದೆ. ಎರಡೂ ಅಂಕಿ ಕೂಡಿಸಿ ನಮ್ಮ ನಿಯಂತ್ರಣ ಕೊಠಡಿಯ ಗೋಡೆಯಷ್ಟಗಲದ ನಕಾಶೆಯ ಮೇಲೆ ಒಂದು ಬಣ್ಣ. ಬರೀ ತೂಕ ಹಿಡಿದರೆ ನಕಾಶೆ ತುಂಬ ಕೆಂಪಾಗುತ್ತಿತ್ತು, ಅದನ್ನು ಯಾವ ಮಂತ್ರಿಗೂ ತೋರಿಸುವಂತಿರಲಿಲ್ಲ. ನಗು ಬೆರೆಸಿದ ಮೇಲೆ ಜಿಲ್ಲೆ ಹಸಿರಾಯಿತು.

ಊರಂಚಿನ ಗುಡ್ಡದ ಓಣಿಯ ಅಂಗನವಾಡಿಗೆ ಕಪ್ಪು ಕೊಡಲು ನಾನೇ ಹೋಗಿದ್ದೆ. ಅಲ್ಲಿಯ ಕಾರ್ಯಕರ್ತೆ ಮಹಾದೇವಿ ಸಂಶಿ ನನಗೆ ಮೊದಲೇ ಪರಿಚಯ. ಮೂರು ವರ್ಷದ ಹಿಂದೆ ಕಂಪನಿಯ ಜೀವಾಣು ಸಂಗ್ರಹಕ್ಕಾಗಿ ನಾನು ಇನ್ನೂರ ಹನ್ನೆರಡು ಮನೆಗಳ ಹೆಪ್ಪು ಕೇಳಿಕೊಂಡು ತಿರುಗಿದ್ದೆ. ನಮ್ಮ ಕಡೆ ಹೆಪ್ಪು ಕೇಳಿದವರಿಗೆ ಯಾರೂ ಇಲ್ಲ ಎನ್ನುವುದಿಲ್ಲ, ದೀಪ ಹಚ್ಚುವ ಮೊದಲು ಬರಬೇಕು ಅಷ್ಟೆ. ತೆಗೆದುಕೊಳ್ಳುವವರು ಮಾತ್ರ ತಪ್ಪದೆ ಒಂದು ಮಾತು ಕೇಳುತ್ತಾರೆ, ಇದು ಯಾರ ಮನೆಯದು ಅಂತ. ಹುಳಿ ಮೊಸರಿನ ಮನೆಯ ಹೆಪ್ಪು ತಂದು ವರ್ಷವಿಡೀ ಹುಳಿ ಉಣ್ಣುವವರು ಯಾರು? ಮಹಾದೇವಿಯ ತಾಯಿ ಬಾಳವ್ವ ಎಮ್ಮೆ ಕಟ್ಟಿದವಳು, ತನ್ನ ಅಜ್ಜಿಯ ಕಾಲದಿಂದ ಒಂದು ದಿನವೂ ತಪ್ಪದ ಹೆಪ್ಪು ತನ್ನದು ಎಂದು ಜಂಬ ಕೊಚ್ಚಿ, ಒಂದು ಚಮಚಕ್ಕೆ ಬದಲಾಗಿ ಅರ್ಧ ಬಟ್ಟಲು ಕೊಟ್ಟಿದ್ದಳು. ನಮ್ಮ ಶೈತ್ಯಾಗಾರದಲ್ಲಿ ಅದು ನಮೂನೆ ನೂರಾ ಹದಿಮೂರು. ಮುಂದಿನ ಮಳೆಗಾಲದಲ್ಲಿ ಬಾಳವ್ವ ತೀರಿಕೊಂಡಳು.

"ಇಪ್ಪತ್ತು ಕಪ್ಪ ಅದಾವಲ್ರಿ ಬಾಯಾರ," ಎಂದಳು ಮಹಾದೇವಿ ಡಬ್ಬಿ ಎಣಿಸಿ. "ಬಾಗಲಾಗ ನಿಂತ ಸಣ್ಣಾವಕ್ಕ?"

"ಮೂರು ವರ್ಷದ ಮ್ಯಾಲಿನವರಿಗಷ್ಟ," ಎಂದೆ. ಬಾಗಿಲಲ್ಲಿ ಅಕ್ಕಂದಿರ ಲಂಗ ಹಿಡಿದು ನಿಂತ ಕೂಸುಗಳು ಕರುವಿನ ಚಿತ್ರವನ್ನೇ ನೋಡುತ್ತಿದ್ದವು. ಮಹಾದೇವಿಯ ಮಗಳು ತನುಜಾ, ನಾಲ್ಕು ವರ್ಷದ ತನಿ, ತನ್ನ ಕಪ್ಪು ಯಾರಿಗೂ ಕೊಡುವುದಿಲ್ಲವೆಂದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಳು. ಆಗ ಅವಳಿಗೆ ಎಂಥ ಗಟ್ಟಿ ಗಂಟಲಿತ್ತು.

ಆರು ತಿಂಗಳ ನಂತರ ಮಹಾದೇವಿ ಫೋನು ಮಾಡಿದಳು.

"ಬಾಯಾರ, ಒಮ್ಮಿ ಬಂದು ಹೋಗ್ರಿ. ನಮ್ಮ ಓಣ್ಯಾಗ ಮಕ್ಕಳು ಅಳವಲ್ವು."

"ಅಳಲಿಲ್ಲಂದ್ರ ಚಲೋನ ಅಲ್ಲೇನು?"

"ಬಿದ್ದು ಮೊಣಕಾಲು ಒಡಕೊಂಡ್ರ ಅಳತಾವ್ರಿ. ಹಸದು ಅಳವಲ್ವು."

ನಾನು ನಿಯಂತ್ರಣ ಕೊಠಡಿಗೆ ಹೋಗಿ ನಕಾಶೆ ನೋಡಿದೆ. ಗುಡ್ಡದ ಓಣಿ ಕಡು ಹಸಿರು. ಪಾಟಣಕರ ಅಲ್ಲೇ ಚಹ ಕುಡಿಯುತ್ತ ನಿಂತಿದ್ದ. "ಅದು ಜಿಲ್ಲಾಕ್ಕ ಫಸ್ಟ್ ಸೆಂಟರ್ ರೀ," ಎಂದ. "ನೂರಕ್ಕ ತೊಂಬತ್ತೆಂಟು ನಗು. ಮುಂದಿನ ಜಾಹೀರಾತು ಅಲ್ಲೇ ಶೂಟ್ ಮಾಡೋಣ." ನಾನು ತೂಕದ ಅಂಕಿಯನ್ನು ಮಾತ್ರ ಬೇರೆ ಮಾಡಿ ತೋರಿಸಲು ಹೇಳಿದೆ. ಆ ಸೌಲಭ್ಯ ಪರದೆಯಲ್ಲಿ ಇರಲಿಲ್ಲ.

ಮಹಾದೇವಿ ಚಾಪೆಯನ್ನು ಸುತ್ತಿ ಮೂಲೆಗಿಟ್ಟು, ಹಳೆಯ ಕೊಂಡಿ ತಕ್ಕಡಿಯನ್ನು ತೊಲೆಗೆ ನೇತು ಹಾಕಿದ್ದಳು. ತನಿಯನ್ನು ಅದರ ಜೋಳಿಗೆಯಲ್ಲಿ ಕೂರಿಸಿದಳು. ಆರು ತಿಂಗಳ ಹಿಂದೆ ಹದಿನಾಲ್ಕೂವರೆ ಕಿಲೋ ಇದ್ದವಳು ಈಗ ಹನ್ನೊಂದು. ತಕ್ಕಡಿಯಲ್ಲಿ ತೂಗಾಡುತ್ತ ಅವಳು ನನ್ನನ್ನು ನೋಡಿ ನಕ್ಕಳು. ಕೆನ್ನೆ ಒಳಗೆ ಹೋಗಿತ್ತು, ನಗುವಾಗ ಹಲ್ಲುಗಳು ಮುಖಕ್ಕಿಂತ ದೊಡ್ಡವಾಗಿ ಕಂಡವು. ಮಹಾದೇವಿ ತುಪ್ಪ ಸವರಿದ ಬಿಸಿ ರೊಟ್ಟಿಯ ಚೂರನ್ನು ಬಾಯಿಗೆ ಹಿಡಿದಳು. ಮಗು ಹಠ ಮಾಡಲಿಲ್ಲ, ಅಳಲಿಲ್ಲ. "ಹೊಟ್ಟಿ ತುಂಬೇತಿ ಅವ್ವಾ" ಎಂದು ಮೆಲ್ಲಗೆ ಮುಖ ತಿರುಗಿಸಿತು. ಬಲವಂತ ಮಾಡಿದರೆ ವಾಂತಿ. ಬೆಳಗಿನಿಂದ ಅದರ ಹೊಟ್ಟೆಗೆ ಬಿದ್ದದ್ದು ಎರಡು ಚಮಚ ಮೊಸರು.

"ಎಂಥಾ ಮೊಸರು?" ಎಂದೆ.

ಮಹಾದೇವಿ ನೆಲುವಿನಿಂದ ಗಡಿಗೆ ಇಳಿಸಿದಳು. ತಿಳಿ ಗುಲಾಬಿ ಛಾಯೆಯೂ ಇರದ, ಬೆಳ್ಳನೆಯ, ಕೆನೆಗಟ್ಟಿದ ಚೆಂದದ ಮೊಸರು. "ಸಣ್ಣ ಕೂಸುಗಳು ಬಾಗಲಾಗ ನಿಂತು ನೋಡತಿದ್ವಲ್ರಿ, ನನಗ ಕರಳು ಚುರ್ ಅಂತಿತ್ತು. ಒಂದು ದಿನ ತನಿ ಕಪ್ನ್ಯಾಗ ಉಳದದ್ದನ್ನ ಹಾಲಿಗೆ ಹೆಪ್ಪು ಹಾಕಿದೆ. ಗಡಿಗಿ ತುಂಬ ಆತು. ಎಲ್ಲಾ ಕೂಸಿಗೂ ಒಂದೊಂದು ಚಮಚಾ ಕೊಟ್ಟೆ. ಮಕ್ಕಳು ಹಠಾ ಮಾಡವಲ್ವು ಅಂತ ಓಣಿಯವರೆಲ್ಲಾ ಬಂದು ಹೆಪ್ಪು ಒಯ್ದ್ರು. ಈಗ ಆಚಿ ಓಣಿಗೂ ಹೋಗೇತಿ." ಮೊದಲು ಹೆಮ್ಮೆಯಿಂದ ಶುರು ಮಾಡಿದವಳು ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ತಪ್ಪು ಮಾಡಿದ್ನೇನ್ರಿ?"

ನಾನು ಬಾಟಲಿಯಲ್ಲಿ ಮೊಸರು ತುಂಬಿಕೊಂಡು ಬಂದೆ. ಲ್ಯಾಬಿನಲ್ಲಿ ನೋಡಿದರೆ ಅದರಲ್ಲಿ ನಮ್ಮ ವಿಶೇಷ ಸಕ್ಕರೆ ಒಂದು ಕಣವೂ ಇಲ್ಲ, ಆದರೆ ಎನ್-೪೭ ಕೋಟಿಗಟ್ಟಲೆ. ಬೀಗ ಒಡೆದಿತ್ತು. ಮೊದಲ ದಿನ ಹಾಲಿಗೆ ಬಿದ್ದಾಗ ಬಹುಪಾಲು ಜೀವಾಣು ಸತ್ತಿರಬೇಕು, ಹಾಲಿನ ಸಕ್ಕರೆಯನ್ನೇ ತಿಂದು ಬದುಕಬಲ್ಲ ಎಲ್ಲೋ ನಾಲ್ಕು ಉಳಿದಿರಬೇಕು. ಮರುದಿನದ ಚಮಚ ಆ ನಾಲ್ಕರ ಮಕ್ಕಳದು. ಅದರ ಮರುದಿನದ್ದು ಮೊಮ್ಮಕ್ಕಳದು. ಹೀಗೆ ಇನ್ನೂರು ಅಡುಗೆಮನೆಗಳಲ್ಲಿ, ಆರು ತಿಂಗಳು, ಒಂದು ದಿನವೂ ಬಿಡದೆ ಹೆಂಗಸರು ಗಟ್ಟಿ ಜೀವಾಣುವನ್ನು ಆರಿಸುತ್ತ ಬಂದಿದ್ದರು. ಇಷ್ಟು ಶ್ರದ್ಧೆಯ ಪ್ರಯೋಗ ನನ್ನ ಲ್ಯಾಬಿನಲ್ಲಿ ಎಂದೂ ನಡೆದಿಲ್ಲ. ದೊಡ್ಡವರ ಕರುಳಲ್ಲಿ ಹಳೆಯ ಜೀವಾಣುಗಳ ಸಂತೆಯೇ ಇರುವುದರಿಂದ ಇದಕ್ಕೆ ಜಾಗ ಸಿಗಲಿಲ್ಲ. ಮಕ್ಕಳ ಕರುಳಲ್ಲಿ ಜಾಗ ಖಾಲಿ ಇತ್ತು. ಒಮ್ಮೆ ಕೂತದ್ದು ಹಾಲಿನ ಹನಿ ಸಿಕ್ಕಾಗಲೆಲ್ಲ ಬೆಳೆಯುತ್ತ, ಇಪ್ಪತ್ತನಾಲ್ಕು ಗಂಟೆಯೂ 'ಹೊಟ್ಟೆ ತುಂಬಿದೆ' ಎಂದು ಹೇಳುತ್ತಲೇ ಇತ್ತು.

ಮರುದಿನ ಸಭೆ. ವಕೀಲರು ಇಬ್ಬರು, ಪಾಟಣಕರ, ಪರದೆಯ ಮೇಲೆ ಹೊರದೇಶದ ನಾಲ್ವರು. ಮಕ್ಕಳ ತೂಕದ ಬಗ್ಗೆ ನಾನು ಮಾತಾಡುತ್ತಿದ್ದಾಗ ಒಬ್ಬ ವಕೀಲ ವರದಿಯ ಕರಡು ಮುಂದಿಟ್ಟ. ಕಾರಖಾನೆಯಿಂದ ಹೊರಬಿದ್ದ ಕಪ್ಪುಗಳಲ್ಲಿ ಯಾವ ದೋಷವೂ ಇಲ್ಲ. ಅನಧಿಕೃತ ಮರುಉತ್ಪಾದನೆಯಿಂದ ಮನೆ ಮೊಸರು ಕಲುಷಿತವಾಗಿದೆ. ಮೂಲ, ಗುಡ್ಡದ ಓಣಿಯ ಅಂಗನವಾಡಿ ಕಾರ್ಯಕರ್ತೆ ಮಹಾದೇವಿ ಸಂಶಿ. ಒಂದು ಶಬ್ದವೂ ಸುಳ್ಳಲ್ಲ. ಅಂಥ ಸುಳ್ಳು ಬರೆಯಲು ಬಹಳ ಓದಿರಬೇಕು.

"ಆಕಿ ಹೆಸರು ಯಾಕ ಬೇಕು?" ಎಂದೆ.

"ಜನಕ್ಕ ಒಂದು ಹೆಸರು ಬೇಕು ಡಾಕ್ಟ್ರ," ಎಂದ ಪಾಟಣಕರ. "ಆಕೀದು ಇಲ್ಲಂದ್ರ ನಮ್ಮದು. ನಿಮ್ಮದೂ. ಸಹಿ ಹಾಕಿದ್ರ ನಾಳಿಂದ ಇಡೀ ಲ್ಯಾಬು ನಿಮಗ, ಔಷಧಾ ಹುಡುಕ್ರಿ. ಹಾಕಲಿಲ್ಲಂದ್ರ ಲ್ಯಾಬಿಗೆ ಬೀಗ."

ಮಕ್ಕಳಿಗಾಗಿಯೇ ಸಹಿ ಹಾಕಿದೆ ಎಂದು ಬಹಳ ದಿನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಇಪ್ಪತ್ತಾರು ವರ್ಷದ ಕೆಲಸ, ಒಂಟಿ ಬದುಕು, ಆ ಲ್ಯಾಬು ಬಿಟ್ಟರೆ ನನಗೆ ಬೇರೆ ಊರಿಲ್ಲ, ಬಳಗವಿಲ್ಲ. ಸಹಿ ಹಾಕಿದೆ.

ಸಂಜೆಯೊಳಗೆ ಆ ವರದಿ ಜಿಲ್ಲೆಯ ಪ್ರತಿ ಫೋನಿಗೂ ಹೋಯಿತು, ಮಹಾದೇವಿಯ ಭಾವಚಿತ್ರದ ಸಮೇತ. ಅಂಗನವಾಡಿಯ ಗೋಡೆಗೆ ಕಪ್ಪು ಕನ್ನಡಕದ ಕರುವಿನ ಪಕ್ಕದಲ್ಲೇ ತೂಗು ಹಾಕಿದ್ದ, ಅವಳು ನಗುತ್ತಿದ್ದ ಫೋಟೊ ಅದು. ಅವಳನ್ನು ಕೆಲಸದಿಂದ ತೆಗೆದರು. ಓಣಿಯವರು ಗಡಿಗೆಗಳನ್ನು ತಂದು ಅವಳ ಬಾಗಿಲ ಮುಂದೆ ಒಡೆದರು. ಗಡಿಗೆ ಒಡೆದರೆ ಕರುಳಿನಲ್ಲಿ ಕೂತದ್ದು ಹೋಗುತ್ತದೆಯೇ? ಆಸ್ಪತ್ರೆಯ ಔಷಧಿಗೆ ಒಂದು ವಾರ ಸುಮ್ಮನಿದ್ದು, ಅಣ್ಣನ ಎಂಜಲಿನಿಂದ ತಂಗಿಗೆ, ತಂಗಿಯಿಂದ ಅಣ್ಣನಿಗೆ ಮರಳಿ ಬರುತ್ತಿತ್ತು. ನಳಿಗೆ ಹಾಕಿ ಉಣಿಸಲು ಆಸ್ಪತ್ರೆಯಲ್ಲಿ ಹಾಸಿಗೆಗಳು ಸಾಲಲಿಲ್ಲ.

ಮಹಾದೇವಿಯ ಎದುರುಮನೆಯ ನಾಗವ್ವನಿಗೆ ಇಬ್ಬರು ಮಕ್ಕಳು. ದೊಡ್ಡವಳು ಐದು ವರ್ಷದ ಸುಧಾ, ಸಣ್ಣವನು ಎರಡು ವರ್ಷದ ಮುತ್ತು. ವರದಿ ಬಂದ ಹದಿನೆಂಟನೇ ದಿನ ಮುತ್ತು ಹೋದ. ಕಡೆಯ ತನಕ ನಗುತ್ತಿದ್ದನಂತೆ. ಅವನು ಹೋದ ದಿನವೂ ನಮ್ಮ ನಕಾಶೆಯಲ್ಲಿ ಗುಡ್ಡದ ಓಣಿ ಹಸಿರಾಗಿಯೇ ಇತ್ತು.

ಆ ಹದಿನೆಂಟು ದಿನ ನಾನು ಲ್ಯಾಬಿನಲ್ಲಿ ಇನ್ನೂರ ಹನ್ನೆರಡು ಮನೆಗಳ ಹಳೆಯ ಹೆಪ್ಪನ್ನೂ ಒಂದೊಂದಾಗಿ ಎನ್-೪೭ರ ಜೊತೆ ಕಾದಾಡಲು ಬಿಡುತ್ತಿದ್ದೆ. ಗಾಜಿನ ತಟ್ಟೆಯಲ್ಲಿ ಎನ್-೪೭ ಮಂಜಿನ ಹಾಗೆ ಹರಡಿರುತ್ತದೆ, ನಡುವೆ ಒಂದು ಹನಿ ಮನೆ ಹೆಪ್ಪು. ಇನ್ನೂರ ಹನ್ನೊಂದು ತಟ್ಟೆಗಳಲ್ಲಿ ಮಂಜು ಹಾಗೆಯೇ ಇತ್ತು. ಒಂದರಲ್ಲಿ ಮಾತ್ರ ಹನಿಯ ಸುತ್ತ ಬಳೆಯಗಲ ಜಾಗ ನಿಚ್ಚಳವಾಗಿತ್ತು. ಆ ಹೆಪ್ಪಿನ ಜೀವಾಣು ಏನೋ ಒಂದು ರಸ ಉಗುಳಿ ಎನ್-೪೭ ಅನ್ನು ಕೊಂದು ಹಾಕಿತ್ತು. ಚೀಟಿ ನೋಡಿದೆ. ನೂರಾ ಹದಿಮೂರು. ಬಾಳವ್ವನದು.

ಪಾಟಣಕರನಿಗೆ ತೋರಿಸಿದಾಗ ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಅವನಿಗೂ ಮಕ್ಕಳಿವೆ. ಆದರೆ ಕಣ್ಣೊರೆಸಿಕೊಂಡು ಅವನು ಮೊದಲು ಆಡಿದ ಮಾತು, "ಇದಕ್ಕ ಅಜ್ಜಿ ಚಂಪು ಅಂತ ಹೆಸರಿಡೋಣ. ಮುಚ್ಚಳದ ಮ್ಯಾಲೆ ಒಬ್ಬ ಅಜ್ಜಿ."

"ಕಪ್ಪು ಆಮ್ಯಾಲೆ ಮಾಡು. ನಾಳೆ ಆಸ್ಪತ್ರಿಗೆ ಕೊಡೋಣ."

"ಪರವಾನಗಿ ಬರಲಿಕ್ಕೆ ಎಂಟು ತಿಂಗಳಾದ್ರೂ ಬೇಕು ಡಾಕ್ಟ್ರ. ಅಲ್ಲೀತನಕ ಒಂದು ಹನಿ ಲ್ಯಾಬ್ ದಾಟಬಾರದು. ಆ ನಮೂನೆ ಕಂಪನಿ ಆಸ್ತಿ, ನೀವs ಬರಸಿಕೊಂಡ ಕಾಗದ ಐತಿ." ಬಾಳವ್ವನ ಹೆಬ್ಬೆಟ್ಟು ಹಾಕಿಸಿಕೊಂಡದ್ದು ನಾನೇ. ಇದೇನವ್ವಾ ಎಂದು ಅವಳು ಕೇಳಿದಾಗ, ಸುಮ್ಮನೆ ರಿವಾಜು ಎಂದಿದ್ದೆ.

ಮರುದಿನ ಮಧ್ಯಾಹ್ನ ನನ್ನ ಊಟದ ಡಬ್ಬಿಯ ಮಜ್ಜಿಗೆ ಬಾಟಲಿಯಲ್ಲಿ ನೂರಾ ಹದಿಮೂರು ಲ್ಯಾಬು ದಾಟಿತು. ಕಾವಲುಗಾರ ಮೂಸಿ ನೋಡಿ ಬಿಟ್ಟ. ಇಷ್ಟು ಸುಲಭವೆಂದು ಗೊತ್ತಿದ್ದರೆ ಮುತ್ತು ಇರುವಾಗಲೇ ಬಾಳವ್ವನ ತಟ್ಟೆಯನ್ನು ಮೊದಲು ನೋಡುತ್ತಿದ್ದೆನೇನೋ ಎಂಬ ಅರ್ಥವಿಲ್ಲದ ಯೋಚನೆ ದಾರಿಯುದ್ದಕ್ಕೂ ಕಾಡಿತು.

ಮಹಾದೇವಿಯ ಮನೆಯ ಮುಂದೆ ಗಡಿಗೆಯ ಚೂರುಗಳು ಇನ್ನೂ ಬಿದ್ದಿದ್ದವು. ತನಿ ಗೋಡೆಗೊರಗಿ ಕೂತಿದ್ದಳು. ಒಂಬತ್ತೂವರೆ ಕಿಲೋ. ನನ್ನನ್ನು ನೋಡಿ ನಕ್ಕಳು. ನಾನು ಬಾಟಲಿ ಮುಂದೆ ಹಿಡಿದು, ಇದನ್ನು ಹಾಲಿಗೆ ಹೆಪ್ಪು ಹಾಕು, ಮಗುವಿಗೆ ದಿನಕ್ಕೆ ಮೂರು ಸಲ ಕೊಡು ಎಂದೆ.

"ಯಾರ ಮನೀದ್ರಿ?" ಎಂದು ರೂಢಿಯಂತೆ ಕೇಳಿಬಿಟ್ಟಳು.

"ನಿಮ್ಮವ್ವಂದು."

ಅವಳು ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮುಚ್ಚಳ ತೆಗೆದು ಮೂಸಿದಳು. "ನನ್ನ ಗಡಿಗ್ಯಾಗs ಇತ್ರಿ ಇದು," ಎಂದಳು ಆಮೇಲೆ. "ಕಪ್ಪಿನ ಮೊಸರು ಹೆಪ್ಪು ಹಾಕಿದ ದಿನ, ಇದೇನು ಹಳೇದು ಅಂತ ನಾನs ತಿಕ್ಕಿ ತೊಳದು ಚೆಲ್ಲಿದೆ."

"ಮಹಾದೇವಿ, ಆ ವರದಿ..."

"ಗೊತ್ತೈತ್ರಿ. ಕೆಳಗ ನಿಮ್ಮ ಹೆಸರಿತ್ತು. ನನಗೂ ಓದಾಕ ಬರತೈತಿ." ಅವಳು ಒಲೆಯ ಕಡೆ ತಿರುಗಿದಳು. "ಕೂಡ್ರಿ. ಹಾಲು ಕಾಸತೀನಿ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಹಾಲು ಕಾಯಿಸಿ, ಕಿರುಬೆರಳದ್ದಿ ಬಿಸಿ ನೋಡಿ, ಹೆಪ್ಪು ಹಾಕಿ ಗಡಿಗೆಗೆ ಬಟ್ಟೆ ಕಟ್ಟುವ ತನಕ ನಾನು ಕೂತೇ ಇದ್ದೆ. ಅವಳು ನನಗೂ ಒಂದು ಲೋಟ ಚಹ ಕೊಟ್ಟಳು.

ಒಂಬತ್ತನೆಯ ದಿನ ಬೆಳಿಗ್ಗೆ ನಾನು ಅಲ್ಲಿದ್ದಾಗಲೇ ಅದು ಆಯಿತು. ಮಹಾದೇವಿ ರೊಟ್ಟಿ ಬಡಿಯುತ್ತಿದ್ದಳು. ತನಿ ಮೂಗರಳಿಸಿದಳು. ಹಣೆ ಗಂಟಿಕ್ಕಿತು. ಮೊದಲು ಒಂದು ಸಣ್ಣ ಕುಂಯ್ ದನಿ, ಆಮೇಲೆ ಓಣಿಯೇ ಕೇಳುವಂಥ ಅಳು. ಎದ್ದು ಬರಲು ಕಾಲಲ್ಲಿ ಬಲವಿಲ್ಲದೆ ಅಂಬೆಗಾಲಿಟ್ಟು ಬಂದು ಬಿಸಿ ಹಂಚಿನ ಮೇಲಿನ ರೊಟ್ಟಿಗೇ ಕೈ ಚಾಚಿದಳು. "ಹಸಿವಾಗೇತಿ! ಕೊಡs! ಈಗ ಕೊಡs!" ಆರಲಿ ತಡಿ ಎಂದರೆ ತಾಯಿಯ ತೋಳು ಕಚ್ಚಿದಳು. ಮಹಾದೇವಿ ಕಚ್ಚಿಸಿಕೊಳ್ಳುತ್ತ, ರೊಟ್ಟಿ ಊದಿ ಆರಿಸುತ್ತ, ಮಗಳಿಗಿಂತ ಜೋರಾಗಿ ಅಳತೊಡಗಿದಳು. ನಾನು ಹಠವನ್ನು ಅಳಿಸಿಹಾಕಲೆಂದು ಆರು ವರ್ಷ ದುಡಿದವಳು. ಹಠ ಎಷ್ಟು ಚೆಂದ ಎಂದು ಅಂದು ಕಂಡೆ.

ಅವತ್ತೇ ಮಹಾದೇವಿ ಹೆಪ್ಪು ಹಿಡಿದು ಓಣಿಗೆ ಹೊರಟಳು, ಜೊತೆಗೆ ನಾನೂ. ಮೊದಲು ಎದುರುಮನೆಗೆ. ಒಳಗೆ ಮಂಚದ ಮೇಲೆ ಸುಧಾ ಮಲಗಿದ್ದಳು, ಮೊಣಕಾಲು ಮಾತ್ರ ದಪ್ಪ.

"ನಾಗವ್ವ, ನಮ್ಮ ತನಿ ಅಳೂದು ಕೇಳಿದೆಲ್ಲ? ಇದು ನಮ್ಮವ್ವನ ಹೆಪ್ಪು. ಸುಧಾಗ ಕೊಡು."

ನಾಗವ್ವ ಬಾಗಿಲಿಗೆ ಅಡ್ಡ ನಿಂತಳು. "ನಿನ್ನ ಕೈ ಹೆಪ್ಪು ಒಮ್ಮಿ ತಗೊಂಡು ನನ್ನ ಕೂಸಿನ್ನ ಮಣ್ಣಿಗಿಟ್ಟೀನಿ. ಇನ್ನೊಂದೈತಿ ಅಂತ ಬಂದೀಯೇನು?"

ನಾನು ಮುಂದೆ ಹೋಗಿ, ಆ ವರದಿಗೆ ಸಹಿ ಹಾಕಿದವಳು ನಾನೇ, ಅದರಲ್ಲಿ ಅರ್ಧ ಸತ್ಯ ಮುಚ್ಚಿಟ್ಟಿದ್ದೇವೆ, ತಪ್ಪು ಕಂಪನಿಯದು ಎಂದು ಹೇಳಿದೆ. ನಾಗವ್ವ ನನ್ನ ಮುಖವನ್ನೂ ಸೀರೆಯನ್ನೂ ನೋಡಿದಳು. "ಈಕಿ ನಿಮಗೆಷ್ಟು ಕೊಟ್ಟಾಳ್ರಿ?" ಎಂದಳು. ಬಾಗಿಲು ಹಾಕಿಕೊಂಡಳು. ಮುಂದಿನ ಹನ್ನೊಂದು ಮನೆಗಳಲ್ಲೂ ಹಾಗೆಯೇ. ಹೆಪ್ಪಿಗೆ ಇಲ್ಲ ಎನ್ನದ ಊರಿನಲ್ಲಿ, ಕೊಡುತ್ತೇವೆಂದರೂ ಒಲ್ಲೆ ಎನ್ನುವಂತೆ ಮಾಡಿದ ಸಹಿ ನನ್ನದು.

ಮಹಾದೇವಿ ಮನೆಗೆ ಬಂದು ಗಡಿಗೆ ಕೆಳಗಿಟ್ಟಳು. ಅಟ್ಟದ ಮೇಲಿಂದ ಒಂದು ಚೀಲ ಇಳಿಸಿದಳು. ಅಂಗನವಾಡಿಯ ಖಾಲಿ ಚಂಪು ಕಪ್ಪುಗಳು, ಮುಚ್ಚಳ ಸಮೇತ. ಮಕ್ಕಳಿಗೆ ಬಣ್ಣ ಹಾಕಲು, ಬೀಜ ನೆಡಲು ಬರುತ್ತವೆಂದು ಕೂಡಿಟ್ಟದ್ದಂತೆ. ಬಿಸಿನೀರು ಹಾಕಿ ಒಂದೊಂದನ್ನೇ ತೊಳೆದಳು. ತಾಯಿಯ ಮೊಸರನ್ನು ಅವುಗಳಲ್ಲಿ ತುಂಬಿದಳು. ಮುಚ್ಚಳದ ಅಂಚಿಗೆ ಗೋದಿಹಿಟ್ಟಿನ ಅಂಟು ಸವರಿ ಒತ್ತಿದಳು. ಕಪ್ಪು ಕನ್ನಡಕದ ಕರು ನಮ್ಮಿಬ್ಬರನ್ನೂ ನೋಡಿ ನಗುತ್ತಿತ್ತು.

"ಕಂಪನಿ ಗುರುತಿನ ಚೀಟಿ ಐತಲ್ರಿ ನಿಮ್ಮ ಕಡೆ?" ಎಂದಳು. "ಅದನ್ನ ಕೊರಳಿಗೆ ಹಾಕ್ಕೊಳ್ರಿ. ನೀವs ಒಯ್ಯಿರಿ. ನಾನು ಬರೂದಿಲ್ಲ."

ಎರಡು ದಿನ ಬಿಟ್ಟು, ಬಿಳಿ ಕೋಟು ಹಾಕಿಕೊಂಡು ನಾಗವ್ವನ ಬಾಗಿಲು ತಟ್ಟಿದೆ. ಕೊರಳಲ್ಲಿ ಚೀಟಿ, ಕೈಯಲ್ಲಿ ಕಪ್ಪುಗಳ ಬುಟ್ಟಿ. ಮೊನ್ನೆ ಬಂದವಳೇ ಇವಳು ಎಂದು ಅವಳಿಗೆ ಗುರುತು ಸಿಕ್ಕಿತು, ಮುಖ ಬಿಗಿಯಾಯಿತು. ಆದರೆ ಕಣ್ಣು ಬುಟ್ಟಿಗೆ ಹೋಯಿತು.

"ಯಾರ ಮನೀದ್ರಿ ಇದು?"

ಎದುರುಮನೆಯ ಬಾಗಿಲ ಸಂದಿಯಲ್ಲಿ ಮಹಾದೇವಿ ನಿಂತಿರುವುದು ನನಗೆ ಕಾಣುತ್ತಿತ್ತು.

"ಕಂಪನೀದು," ಎಂದೆ.

ನಾಗವ್ವ ಎರಡೂ ಕೈ ಚಾಚಿ ತೆಗೆದುಕೊಂಡಳು. ಒಂದನ್ನು ಕಣ್ಣಿಗೊತ್ತಿಕೊಂಡಳು.

ಹತ್ತು ದಿನಕ್ಕೆ ಸುಧಾ ಅತ್ತಳು. ನಾಗವ್ವ ಮಗಳನ್ನು ಸೊಂಟದ ಮೇಲೆ ಹೊತ್ತು ಓಣಿಯ ನಡುವೆ ನಿಂತು, ಫೋನಿನ ಮುಂದೆ, ಚಂಪು ಕಂಪನಿಯವರ ಕೈ ತಣ್ಣಗಿರಲಿ, ಮನೆಯ ಹಾಳು ಹೆಪ್ಪು ನಂಬಬೇಡಿ, ಅಂಗಡಿ ಕಪ್ಪನ್ನೇ ನಂಬಿ ಎಂದು ಹೇಳಿದಳು. ಮರುದಿನ ಅದು ಪಾಟಣಕರನ ಕಣ್ಣಿಗೂ ಬಿತ್ತು. ಇದು ಹೇಗಾಯಿತೆಂದು ಅವನಿಗೆ ಅರ್ಥವಾಗಿರಲೇಬೇಕು. ಅವನು ನನ್ನನ್ನು ಏನೂ ಕೇಳಲಿಲ್ಲ. ಆ ಮಾತುಗಳನ್ನು ಜಾಹೀರಾತು ಮಾಡಿ ಬಿಟ್ಟ, ಈಗ ಬಸ್ಸು ನಿಲ್ದಾಣದಲ್ಲೂ ನಾಗವ್ವ ಮಾತಾಡುತ್ತಾಳೆ.

ಬಾಯಿ ಬಿಟ್ಟು ನಿಜ ಹೇಳೋಣವೆಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತದೆ. ಹೇಳಿದ ದಿನ ಆ ಕಪ್ಪುಗಳನ್ನೂ ಬಾಗಿಲ ಮುಂದೆ ಒಡೆಯುತ್ತಾರೆ. ಆಚೆ ಓಣಿಯಲ್ಲಿ, ಅದರಾಚೆಯ ಊರುಗಳಲ್ಲಿ ಮಕ್ಕಳು ಇನ್ನೂ ನಗುತ್ತ ಮಲಗಿವೆ. ಅವೆಲ್ಲ ಅಳುವ ತನಕ ಕಂಪನಿಯ ಒಳ್ಳೆಯ ಹೆಸರನ್ನು ನಾನೇ ಕಾಯಬೇಕು. ಈ ಬರಹವನ್ನೂ ಅಲ್ಲಿಯ ತನಕ ಪೆಟ್ಟಿಗೆಯಲ್ಲಿಟ್ಟಿರುತ್ತೇನೆ.

ಮೊನ್ನೆ ಕಪ್ಪು ತರಲು ಹೋದಾಗ ಮಹಾದೇವಿ ಕಟ್ಟೆಯ ಮೇಲೆ ಕೂತು ಕಪ್ಪು ತೊಳೆಯುತ್ತಿದ್ದಳು. ತನಿ ಇನ್ನೊಂದು ರೊಟ್ಟಿಗೆ ರಂಪ ಮಾಡುತ್ತಿದ್ದಳು. ನಾಗವ್ವ ನೀರಿನ ಕೊಡ ಹೊತ್ತು ಹೋಗುವವಳು ನಿಂತಳು. ಅವತ್ತು ಬಾಗಿಲು ಹಾಕಿಕೊಂಡ ಮೇಲೆ ಅವಳು ಮಹಾದೇವಿಯ ಜೊತೆ ಆಡಿದ ಮೊದಲ ಮಾತಂತೆ ಅದು.

"ನಿನ್ನ ಮಗಳೂ ಉಳದ್ಲಲ್ಲ. ಕಂಪನಿಯವರು ನಿನ್ನಂಥಾಕಿಗೂ ಕೊಟ್ರು ನೋಡು. ದೊಡ್ಡ ಮನಸು."

ಮಹಾದೇವಿ ಕಪ್ಪಿನಿಂದ ಕಣ್ಣೆತ್ತಲಿಲ್ಲ.

"ಹೌದು ನಾಗವ್ವ," ಎಂದಳು. "ದೊಡ್ಡ ಮನಸು."